ನೆಲ ಡೊಂಕಲ್ಲ, ಕೋಲು ಕೊಳಕು

ಹೊಡೆತ ತಪ್ಪಿದಾಗ ಗಾಳಿಯನ್ನು ಬೈಯುವ ಮುನ್ನ ಕೋಲಿನ ಮುಖ ನೋಡಿ. ಒಂದು ಒದ್ದೆ ಬಟ್ಟೆ, ಒಂದು ಹಳೆಯ ಬ್ರಷ್ಷು: ಹವ್ಯಾಸಿ ಗಾಲ್ಫ್ ಆಟಗಾರನ ಚೆಂಡನ್ನೂ ಮನಸ್ಸನ್ನೂ ಹತೋಟಿಗೆ ತರುವ ಕೆಲಸ ಇಲ್ಲಿಂದಲೇ ಶುರು. ಗಾಲ್ಫ್ ಮೈದಾನವಿಲ್ಲದ ಕೊಳ್ಳೇಗಾಲ, ಹನೂರು, ಯಳಂದೂರಿನ ಮಕ್ಕಳಿಗೂ ಈ ಪಾಠ ಬೇಕು.

ಬೆಳಗಿನ ಆರೂವರೆ. ಚಾಮುಂಡಿ ಬೆಟ್ಟದ ನೆತ್ತಿಯಲ್ಲಿ ಮೋಡ ಇನ್ನೂ ಕೂತೇ ಇದೆ. ರಾತ್ರಿಯಿಡೀ ಹನಿದ ಮಳೆಗೆ ಮೈಸೂರು ರೇಸ್‌ಕೋರ್ಸಿನ ನಡುವೆ ಹರಡಿಕೊಂಡ ಗಾಲ್ಫ್ ಹುಲ್ಲು ನೀರುಂಡು ಮೆತ್ತಗಾಗಿದೆ. ಬೂಟು ಊರಿದಲ್ಲೆಲ್ಲ ನೀರು ಚಿಮ್ಮುತ್ತದೆ.

ನಸುಕಿನಲ್ಲೇ ಕೊಳ್ಳೇಗಾಲ ಬಿಟ್ಟು, ಟಿ. ನರಸೀಪುರದ ಹೊಳೆ ದಾಟಿ ಬಂದ ಹವ್ಯಾಸಿಯೊಬ್ಬರು ಗುರಿಗೆ ನೂರಿಪ್ಪತ್ತು ಗಜ ದೂರದಲ್ಲಿ ನಿಂತಿದ್ದಾರೆ. ಕೈಯಲ್ಲಿ ಕಬ್ಬಿಣದ ಕೋಲು. ಅದರ ಮುಖಕ್ಕೆ ಹಿಂದಿನ ಹೊಡೆತದ ಕೆಮ್ಮಣ್ಣು ಮೆತ್ತಿಕೊಂಡಿದೆ; ನಡುವೆ ಎರಡು ಹುಲ್ಲೆಸಳು. ಬೀಸಿದರು. ಸದ್ದು ಚೆನ್ನಾಗಿತ್ತು. ಚೆಂಡು ನೆಟ್ಟಗೆ ಹಾರಿ ಗ್ರೀನಿನ ಮೇಲೇ, ಅಂದರೆ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲಿನ ಮೇಲೇ ಬಿತ್ತು. ಆದರೆ ನಿಲ್ಲಲಿಲ್ಲ. ಜಾರುತ್ತ ಹೋಗಿ ಹಿಂಬದಿಯ ಎತ್ತರದ ಹುಲ್ಲಿನಲ್ಲಿ ಮರೆಯಾಯಿತು.

‘ಗಾಳಿ ತಳ್ಳಿಬಿಡ್ತು’ ಎಂದರು ಅವರು.

ಪಕ್ಕದಲ್ಲಿ ಚೀಲ ಹೊತ್ತು ನಿಂತಿದ್ದ ಕ್ಯಾಡಿ ಏನೂ ಹೇಳದೆ ಕೋಲು ಇಸಿದುಕೊಂಡ. ಸೊಂಟದ ಒದ್ದೆ ಬಟ್ಟೆಯಿಂದ ಮುಖ ಒರೆಸಿದ. ಜೇಬಿನಿಂದ ಸವೆದ ಹಲ್ಲುಜ್ಜುವ ಬ್ರಷ್ಷು ತೆಗೆದು ಗೆರೆಗಳಲ್ಲಿ ಕೂತ ಮಣ್ಣು ಕೆದಕಿದ. ಒಣಬಟ್ಟೆಯಲ್ಲಿ ಇನ್ನೊಮ್ಮೆ ತೀಡಿ ವಾಪಸು ಕೊಟ್ಟ. ‘ಈಗ ಹೊಡೀರಿ ಸಾ.’

ಮಳೆಗಾಲದ ಯಾವ ಭಾನುವಾರ ಹೋದರೂ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ಇಂಥದೊಂದು ನೋಟ ಕಣ್ಣಿಗೆ ಬಿದ್ದೀತು. ಆಡಿದವನು ಗಾಳಿಯನ್ನು ಬೈಯುತ್ತಾನೆ, ಮಳೆಯನ್ನು ಬೈಯುತ್ತಾನೆ, ಹುಲ್ಲು ಕತ್ತರಿಸಿದವರನ್ನು ಬೈಯುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ನೆಲ ಡೊಂಕಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಮೊದಲು ನೆಲವನ್ನು ಗುಡಿಸಬೇಕು. ಗಾಲ್ಫಿನಲ್ಲಿ ಆ ಗುಡಿಸುವ ಕೆಲಸದ ಹೆಸರೇ ಸಲಕರಣೆಗಳ ಆರೈಕೆ.

ಪೂಜೆ ವರ್ಷಕ್ಕೊಮ್ಮೆ, ಒರೆಸುವುದು ದಿನಾ

ಆಯುಧಪೂಜೆ ಹತ್ತಿರ ಬರುತ್ತಿದೆ. ಕೊಳ್ಳೇಗಾಲದ ಬೀದಿಗಳಲ್ಲಿ ಆಟೋ, ಟ್ರ್ಯಾಕ್ಟರು, ಬಸ್ಸುಗಳಿಗೆ ಬಾಳೆಕಂಬ ಕಟ್ಟುವ ಹೊತ್ತು. ಹನೂರಿನ ಕಡೆ ನೇಗಿಲು, ಕುಡುಗೋಲು, ಮಚ್ಚುಗಳಿಗೆ ವಿಭೂತಿ ಬೀಳುತ್ತದೆ. ಸುವರ್ಣಾವತಿ ನೀರುಣಿಸುವ ಯಳಂದೂರಿನ ಗದ್ದೆ ಬಯಲಿನಲ್ಲಿ ಪಂಪ್‌ಸೆಟ್ಟಿಗೂ ಹೂವು. ಕೆಲಸದ ವಸ್ತುವನ್ನು ದೇವರ ಪಕ್ಕ ಇಡುವ ನಾಡು ನಮ್ಮದು.

ಆದರೆ ಪೂಜೆ ಒಂದು ದಿನದ್ದು. ಉಳಿದ ದಿನಗಳ ಕಥೆ ಗೊತ್ತಾಗಬೇಕಾದರೆ ಕೊಳ್ಳೇಗಾಲದ ರೇಷ್ಮೆ ನೇಕಾರರ ಮನೆಗೆ ಹೋಗಬೇಕು. ಲಾಳಿಯ ಮೈಯಲ್ಲಿ ಕೂದಲೆಳೆಯಷ್ಟು ಸಿಬಿರೆದ್ದರೂ ರೇಷ್ಮೆಯ ಎಳೆ ಕಡಿದುಹೋಗುತ್ತದೆ. ಹಣಿಗೆಯ ಹಲ್ಲಿನಲ್ಲಿ ಕಸ ಸಿಕ್ಕರೆ ಸೀರೆಯ ಉದ್ದಕ್ಕೂ ಅದರ ಗುರುತು ಉಳಿಯುತ್ತದೆ. ಹಾಗಾಗಿ ನೇಕಾರ ಮಗ್ಗಕ್ಕೆ ಕೂರುವ ಮುನ್ನ ಲಾಳಿಯ ಮೇಲೆ ಬೆರಳಾಡಿಸುತ್ತಾನೆ. ಆ ಬೆರಳಾಡಿಸುವ ಕ್ಷಣದಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಲಾಳಿ ಸರಿಯಿದೆಯೇ ಎಂದು ಗೊತ್ತಾಗುತ್ತದೆ, ಮನಸ್ಸು ನೇಯ್ಗೆಗೆ ಬಂದು ಕೂರುತ್ತದೆ.

ಗಾಲ್ಫ್ ಹವ್ಯಾಸಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಕೋಲು ಒರೆಸುವುದು ಆಟ ಮುಗಿದ ಮೇಲಿನ ಚಾಕರಿ ಅಲ್ಲ. ಅದು ಆಟದ ಭಾಗ, ಅದರಲ್ಲೂ ತಲೆಗೆ ಸಂಬಂಧಿಸಿದ ಭಾಗ.

ಗೆರೆಯೊಳಗಿನ ಗುಟ್ಟು

ಗಾಲ್ಫಿನಲ್ಲಿ ಒಬ್ಬ ಆಟಗಾರ ಹೆಚ್ಚೆಂದರೆ 14 ಕೋಲು ಒಯ್ಯಬಹುದು. ಆಟಗಾರರು ಅವನ್ನು ಕ್ಲಬ್ ಎನ್ನುತ್ತಾರೆ. ಆಟದ ಸಂಸ್ಥೆಯೂ ಕ್ಲಬ್ಬೇ ಆಗಿರುವುದರಿಂದ ಗೊಂದಲ ಬೇಡವೆಂದು ಇಲ್ಲಿ ಕೋಲು ಎಂದೇ ಕರೆಯುತ್ತೇನೆ. ದೂರಕ್ಕೆ ಡ್ರೈವರ್, ನಡುವಿನ ದೂರಗಳಿಗೆ ಐರನ್‌ಗಳು, ಗ್ರೀನಿನ ಹತ್ತಿರಕ್ಕೆ ವೆಜ್, ಕುಳಿಗೆ ಉರುಳಿಸಲು ಪಟರ್.

ಐರನ್ ಮತ್ತು ವೆಜ್‌ಗಳ ಮುಖದ ಮೇಲೆ ಅಡ್ಡಡ್ಡ ಗೆರೆಗಳಿರುತ್ತವೆ. ಅವು ಅಲಂಕಾರಕ್ಕಲ್ಲ. ಕೋಲು ಚೆಂಡಿಗೆ ತಾಗುವ ಕ್ಷಣದಲ್ಲಿ ನಡುವೆ ಸಿಕ್ಕಿಕೊಂಡ ನೀರು ಮತ್ತು ಹುಲ್ಲಿನ ರಸ ಆ ಗೆರೆಗಳಿಗೆ ಇಳಿದುಹೋಗುತ್ತದೆ. ಆಗ ಲೋಹಕ್ಕೆ ಚೆಂಡಿನ ಹೊರಮೈ ನೇರವಾಗಿ ಸಿಗುತ್ತದೆ. ಚೆಂಡು ಹಿಮ್ಮುಖವಾಗಿ ಸುತ್ತುತ್ತ ಏರುತ್ತದೆ, ಇಳಿದ ಮೇಲೆ ಬೇಗ ನಿಲ್ಲುತ್ತದೆ.

ಗೆರೆ ಮಣ್ಣಿನಿಂದ ತುಂಬಿದರೆ ನೀರಿಗೆ ಹೋಗಲು ಜಾಗವಿಲ್ಲ. ನೀರು ತುಂಬಿದ ರಸ್ತೆಯಲ್ಲಿ ಸವೆದ ಟೈರಿಗೆ ಆಗುವುದೇ ಇಲ್ಲಿಯೂ ಆಗುತ್ತದೆ. ಹಿಡಿತ ತಪ್ಪುತ್ತದೆ, ಸುತ್ತು ಕಡಿಮೆಯಾಗುತ್ತದೆ. ಚೆಂಡು ಎಣಿಸಿದ್ದಕ್ಕಿಂತ ಮುಂದೆ ಹೋಗುತ್ತದೆ, ಬಿದ್ದ ಮೇಲೂ ಓಡುತ್ತದೆ. ಮೈಸೂರಿನ ಮೈದಾನದಲ್ಲಿ ಆ ಹವ್ಯಾಸಿ ಗಾಳಿಯ ಮೇಲೆ ಹೊರಿಸಿದ ತಪ್ಪು ಇದು.

ಈ ಗೆರೆಗಳು ಎಷ್ಟು ಮುಖ್ಯವೆಂದರೆ ಜಗತ್ತಿನ ಗಾಲ್ಫ್ ನಿಯಮ ಮಾಡುವ ಎರಡು ಸಂಸ್ಥೆಗಳು, ಆರ್ ಅಂಡ್ ಎ ಮತ್ತು ಯುಎಸ್‌ಜಿಎ, ಅವುಗಳ ಗಾತ್ರ ಮತ್ತು ಅಂಚಿನ ಹರಿತಕ್ಕೆ 2010ರಿಂದ ಹೊಸ ಮಿತಿ ಹಾಕಿದವು. ಆಳವಾದ, ಹರಿತವಾದ ಗೆರೆಗಳಿಂದಾಗಿ ಉದ್ದ ಹುಲ್ಲಿನಿಂದಲೂ ವೃತ್ತಿಪರರು ಚೆಂಡನ್ನು ಸಲೀಸಾಗಿ ನಿಲ್ಲಿಸುತ್ತಿದ್ದರು. ಅದಕ್ಕೆ ಕಡಿವಾಣ ಬೇಕಿತ್ತು. ವೃತ್ತಿಪರರ ಗೆರೆಯ ಅಳತೆಗಾಗಿ ಕಾನೂನೇ ಬದಲಾದ ಆಟದಲ್ಲಿ ಹವ್ಯಾಸಿ ತನ್ನ ಗೆರೆಗಳನ್ನು ಕೆಸರಿನಿಂದ ತುಂಬಿಕೊಂಡು ತಿರುಗುವುದು ನನಗೆ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ. ದುಡ್ಡು ಕೊಟ್ಟು ಕೊಂಡ ಅರ್ಧ ಗುಣವನ್ನು ಅವನು ಬಳಸುತ್ತಲೇ ಇಲ್ಲ.

> ಚೆಂಡಿನ ಜಾತಕ
>
> ಹಿಂದೆ ಗಾಲ್ಫ್ ಚೆಂಡೆಂದರೆ ಚರ್ಮದ ಚೀಲಕ್ಕೆ ಹಕ್ಕಿಯ ಗರಿ ತುಂಬಿ ಹೊಲಿದದ್ದು. ನೆನೆದರೆ ಕೆಲಸಕ್ಕೆ ಬಾರದು. 1848ರ ಸುಮಾರಿಗೆ ಗಟಾಪರ್ಚ ಎಂಬ ಮರದ ಅಂಟಿನ ಚೆಂಡು ಬಂತು. ಹೊಸ ನುಣ್ಣನೆಯ ಚೆಂಡಿಗಿಂತ ಆಡಿ ಗೀರುಬಿದ್ದ ಚೆಂಡೇ ಚೆನ್ನಾಗಿ ಹಾರುತ್ತದೆಂದು ಆಟಗಾರರು ಕಂಡುಕೊಂಡರು. ತಯಾರಕರು ಸುತ್ತಿಗೆಯಿಂದ ಬಡಿದು ಗುರುತು ಹಾಕತೊಡಗಿದರು. ಇಂದಿನ ಚೆಂಡಿನ ಮೈಮೇಲಿನ ಗುಳಿಗಳ ಮೂಲ ಇದೇ.
>
> ಈಗಿನ ನಿಯಮ: ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು.
>
> ಗುಳಿಗಳಿಗೆ ಕೆಸರು ಮೆತ್ತಿದರೆ ಚೆಂಡು ಸಾಮಾನ್ಯವಾಗಿ ಕೆಸರಿರುವ ಬದಿಯ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಗ್ರೀನಿನ ಮೇಲೆ ಗುರುತಿಟ್ಟು ಎತ್ತಿ ಒರೆಸಲು ನಿಯಮ ಬಿಡುತ್ತದೆ. ಅಲ್ಲಿ ಒರೆಸದವರು ಕೈಗೆ ಬಂದ ಅವಕಾಶ ಬಿಟ್ಟಂತೆ.

ಹಿಡಿ ಜಾರಿದರೆ ಹೆಗಲು ಬಿಗಿ

ಕೋಲಿನ ಮುಖಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಅದರ ಹಿಡಿ. ಆಟಗಾರನ ಮೈ ಕೋಲನ್ನು ಮುಟ್ಟುವುದು ಅಲ್ಲೊಂದೇ ಕಡೆ. ಬೆವರು, ಕೈಯ ಜಿಡ್ಡು, ಬಿಸಿಲಿಗೆ ಹಚ್ಚಿಕೊಂಡ ಕ್ರೀಮು, ಧೂಳು ಸೇರಿ ರಬ್ಬರಿನ ಮೇಲೆ ಒಂದು ತೆಳು ಪದರ ಕೂರುತ್ತದೆ. ಹಿಡಿ ಮಿರಮಿರ ಮಿಂಚತೊಡಗಿದರೆ ಅದು ಹೊಸತಾದಂತಲ್ಲ, ಜಾರುತ್ತಿದೆ ಎಂದರ್ಥ.

ಜಾರುವ ಹಿಡಿಯನ್ನು ಕೈ ತಾನಾಗಿಯೇ ಬಿಗಿಯಾಗಿ ಹಿಡಿಯುತ್ತದೆ. ಬೆರಳು ಬಿಗಿದರೆ ಮುಂಗೈ ಬಿಗಿಯುತ್ತದೆ, ಮುಂಗೈ ಬಿಗಿದರೆ ಹೆಗಲು. ಬೀಸು ಮೊಟಕಾಗುತ್ತದೆ. ಬೀಸಿನಲ್ಲಿ ದೋಷವಿದೆಯೆಂದು ಹವ್ಯಾಸಿ ಕೋಚ್‌ಗಳ ಬೆನ್ನು ಹತ್ತುತ್ತಾನೆ, ರಾತ್ರಿಯೆಲ್ಲ ವಿಡಿಯೊ ನೋಡುತ್ತಾನೆ. ಉಗುರುಬೆಚ್ಚನೆ ನೀರು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಮೆತ್ತನೆ ಬ್ರಷ್ಷು, ಆಮೇಲೆ ನೆರಳಿನಲ್ಲಿ ಒಣಗುವಷ್ಟು ಹೊತ್ತು: ಎಷ್ಟೋ ಸಲ ಮದ್ದು ಇಷ್ಟೇ. ವರ್ಷಕ್ಕೊಮ್ಮೆ ಅಥವಾ ಸುಮಾರು 40 ಸುತ್ತು ಆಟಕ್ಕೊಮ್ಮೆ ಹಿಡಿ ಬದಲಿಸಬೇಕೆನ್ನುವುದು ಸಾಮಾನ್ಯ ಸಲಹೆ. ತೊಳೆಯುತ್ತ ಬಂದವರಿಗೆ ಅದು ಇನ್ನಷ್ಟು ದಿನ ಬಾಳುತ್ತದೆ.

ನಮ್ಮ ಕಡೆಯವರು ಮುಖ್ಯವಾಗಿ ತಿಳಿಯಬೇಕಾದ್ದು ಬಿಸಿಲಿನ ವಿಷಯ. ಭಾನುವಾರ ಆಡಿ ಬಂದ ಚೀಲ ಮುಂದಿನ ಭಾನುವಾರದವರೆಗೆ ಕಾರಿನ ಡಿಕ್ಕಿಯಲ್ಲೇ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಕೊಳ್ಳೇಗಾಲದ ಬಯಲಲ್ಲಿ ನಿಂತ ಕಾರಿನ ಡಿಕ್ಕಿ ಕಾದ ಒಲೆ. ಕೋಲಿನ ತಲೆಯನ್ನು ದಂಡಕ್ಕೆ ಹಿಡಿದಿಡುವುದು ಅಂಟು. ಪದೇ ಪದೇ ಬಿಸಿಯೇರಿದರೆ ಆ ಅಂಟು ಸೋಲುತ್ತದೆ, ಹಿಡಿಯ ರಬ್ಬರು ಬಿರುಸಾಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಇದೇ ಡಿಕ್ಕಿ ಒದ್ದೆ ಚೀಲವನ್ನು ಮುಚ್ಚಿಟ್ಟು ತುಕ್ಕು ಬರಿಸುತ್ತದೆ. ಚೀಲವನ್ನು ಮನೆಯೊಳಗೆ ತನ್ನಿ, ಬಾಯಿ ತೆರೆದಿಡಿ. ಒದ್ದೆ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿಡಿ. ಮುದುರಿ ಎಸೆದ ಚರ್ಮದ ಕೈಗವಸು ಒಣಗಿ ಹಪ್ಪಳವಾಗುತ್ತದೆ. ಬೆರಳು ಬಿಡಿಸಿ ಚಪ್ಪಟೆಯಾಗಿ ಇಡಿ.

ನಾಲ್ಕು ಗಂಟೆ, ಕೆಲವೇ ನಿಮಿಷ

ಈಗ ಮನಸ್ಸಿನ ಮಾತು.

ಹದಿನೆಂಟು ಕುಳಿಗಳ ಒಂದು ಸುತ್ತಿಗೆ ನಾಲ್ಕು ಗಂಟೆಯಾದರೂ ಬೇಕು. ಅಷ್ಟರಲ್ಲಿ ಕೋಲು ಬೀಸುವ ಹೊತ್ತನ್ನೆಲ್ಲ ಒಟ್ಟು ಹಾಕಿದರೆ ಕೆಲವೇ ನಿಮಿಷ. ಉಳಿದದ್ದು ನಡಿಗೆ, ಕಾಯುವಿಕೆ, ಮತ್ತು ತನ್ನದೇ ತಲೆಯ ಜೊತೆಗಿನ ಸಹವಾಸ. ಕಬಡ್ಡಿಯಲ್ಲಿ, ಕ್ರಿಕೆಟ್ಟಿನಲ್ಲಿ ಚೆಂಡೋ ಎದುರಾಳಿಯೋ ಮೇಲೆ ಬರುತ್ತಿರುವಾಗ ಹಿಂದಿನ ತಪ್ಪನ್ನು ನೆನೆಯಲು ಬಿಡುವಿರುವುದಿಲ್ಲ. ಗಾಲ್ಫಿನಲ್ಲಿ ಚೆಂಡು ಸುಮ್ಮನೆ ಬಿದ್ದಿರುತ್ತದೆ. ಅದರ ಬಳಿ ನಡೆದು ಹೋಗುವಷ್ಟು ಹೊತ್ತೂ ಹಿಂದಿನ ಕೆಟ್ಟ ಹೊಡೆತ ತಲೆಯಲ್ಲಿ ಕುದಿಯುತ್ತದೆ. ಎಷ್ಟೋ ಹವ್ಯಾಸಿಗಳು ಹಾಳಾಗುವುದು ಒಂದು ಕೆಟ್ಟ ಹೊಡೆತದಿಂದಲ್ಲ, ಅದರ ಬೆನ್ನಿಗೇ ಸಿಟ್ಟಿನಿಂದ ಹೊಡೆದ ಇನ್ನೆರಡರಿಂದ.

ಇಲ್ಲಿ ಬಟ್ಟೆ ಕೆಲಸಕ್ಕೆ ಬರುತ್ತದೆ. ಹೊಡೆತ ಒಳ್ಳೆಯದಿರಲಿ ಕೆಟ್ಟದಿರಲಿ, ಮುಗಿದ ಕೂಡಲೇ ಕೋಲಿನ ಮುಖ ಒರೆಸಬೇಕು. ಕೈಗೊಂದು ಕೆಲಸ ಸಿಕ್ಕಿತು. ಕಣ್ಣು ದೂರದ ಪೊದೆಯಿಂದ ಹತ್ತಿರದ ಗೆರೆಗಳಿಗೆ ಬಂತು. ಉಸಿರು ಇಳಿಯಿತು. ಮಣ್ಣು ಹೋದಂತೆ ಹೊಡೆತದ ಗುರುತೂ ಕಾಣುತ್ತದೆ: ಚೆಂಡು ಮುಖದ ನಡುವೆ ತಾಗಿತೇ, ತುದಿಗೆ ತಾಗಿತೇ, ಬುಡಕ್ಕೆ ತಾಗಿತೇ? ಸಿಟ್ಟಿನ ಜಾಗದಲ್ಲಿ ಒಂದು ಪ್ರಶ್ನೆ ಬಂದು ಕೂರುತ್ತದೆ. ಕೋಲು ಚೀಲಕ್ಕೆ ಹೋಗುವುದರೊಂದಿಗೆ ಆ ಹೊಡೆತದ ಲೆಕ್ಕವೂ ಮುಗಿಯುತ್ತದೆ.

ಶುಚಿಯಾದ ಕೋಲು ಆಟಗಾರನಿಂದ ಒಂದು ದೊಡ್ಡ ವಸ್ತುವನ್ನು ಕಿತ್ತುಕೊಳ್ಳುತ್ತದೆ. ಅದು ನೆಪ. ಗೆರೆಯಲ್ಲಿ ಮಣ್ಣಿಲ್ಲ, ಹಿಡಿ ಜಾರುತ್ತಿಲ್ಲ, ಚೆಂಡು ಸ್ವಚ್ಛ. ಆದರೂ ಚೆಂಡು ಬಲಕ್ಕೆ ಹೋಯಿತೆಂದರೆ ತಪ್ಪು ಎಲ್ಲಿದೆ ಎಂದು ಹುಡುಕಲು ಒಂದೇ ಜಾಗ ಉಳಿಯಿತು. ಕಲಿಕೆ ಅಲ್ಲಿಂದಲೇ ಆರಂಭ. ನನ್ನ ಮಟ್ಟಿಗೆ ಆರೈಕೆಯಿಂದ ಸಿಗುವ ಅತಿ ದೊಡ್ಡ ಲಾಭ ಚೆಂಡು ನಿಲ್ಲುವುದಲ್ಲ, ಈ ಪ್ರಾಮಾಣಿಕತೆ.

ಕೈಯಲ್ಲಿರುವ ವಸ್ತುವಿನ ಮೇಲಿನ ನಂಬಿಕೆ ಆಟವನ್ನು ಹೇಗೆ ತಿದ್ದುತ್ತದೆ ಎನ್ನುವುದಕ್ಕೆ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಯೋಗವೊಂದಿದೆ. 2011ರಲ್ಲಿ ಪ್ರಕಟವಾದದ್ದು. 41 ವಿದ್ಯಾರ್ಥಿಗಳಿಗೆ ಒಂದೇ ಪಟರ್ ಕೊಟ್ಟರು. ಅರ್ಧದಷ್ಟು ಜನರಿಗೆ ಮಾತ್ರ ಅದು 2003ರ ಬ್ರಿಟಿಷ್ ಓಪನ್ ಗೆದ್ದ ಬೆನ್ ಕರ್ಟಿಸ್ ಬಳಸಿದ್ದು ಎಂದು ಹೇಳಿದರು. ಹಾಗೆ ನಂಬಿದವರಿಗೆ ಕುಳಿಯೇ ದೊಡ್ಡದಾಗಿ ಕಂಡಿತು, ಹೆಚ್ಚು ಚೆಂಡುಗಳನ್ನೂ ಅವರು ಕುಳಿಗೆ ಹಾಕಿದರು. ಇಂಥ ಪ್ರಯೋಗಗಳನ್ನು ಪೂರ್ತಿ ನೆಚ್ಚಿಕೊಳ್ಳಬಾರದು. ‘ಅದೃಷ್ಟದ ಚೆಂಡು’ ಎಂದು ಹೇಳಿ ಕೊಟ್ಟರೆ ಚೆನ್ನಾಗಿ ಆಡುತ್ತಾರೆಂದು ಜರ್ಮನಿಯಲ್ಲಿ 2010ರಲ್ಲಿ ತೋರಿಸಿದ್ದು, 2014ರಲ್ಲಿ ಬೇರೆಯವರು ಮಾಡಿ ನೋಡಿದಾಗ ಹಾಗೆ ಕಂಡುಬರಲಿಲ್ಲ. ಹೇಳಿ ಹುಟ್ಟಿಸಿದ ನಂಬಿಕೆ ಇಂದು ಇದ್ದು ನಾಳೆ ಹೋಗಬಹುದು. ತಾನೇ ತೊಳೆದು, ತೀಡಿ, ಗೀರು ಗೀರನ್ನೂ ಬಲ್ಲ ಕೋಲಿನ ಮೇಲಿನ ನಂಬಿಕೆಗೆ ಸುಳ್ಳಿನ ಆಸರೆ ಬೇಡ.

ಪಟರ್ ಹಿಡಿದ ಬೆಂಗಳೂರು ಹುಡುಗಿ

2021ರ ಆಗಸ್ಟ್ 7. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಭರ್ಜಿ ಎಸೆದು ಚಿನ್ನ ಗೆದ್ದ ದಿನ. ಅದೇ ಬೆಳಿಗ್ಗೆ ದೇಶದ ಅನೇಕರು ಮೊದಲ ಬಾರಿಗೆ ಗಾಲ್ಫ್ ನೋಡಲು ಟಿವಿ ಹಚ್ಚಿದ್ದರು. ಬೆಂಗಳೂರಿನ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿದ್ದರು.

ಆಗ ಅವರ ವಿಶ್ವ ಶ್ರೇಯಾಂಕ 200. ಅದೇ ವರ್ಷ ಕೋವಿಡ್‌ನಿಂದ ಮಲಗಿ ಎದ್ದವರು. ಹೊಡೆತದ ದೂರ ಇನ್ನಷ್ಟು ಕುಗ್ಗಿತ್ತು. ಜೊತೆಯಲ್ಲಿ ಆಡಿದವರೆಲ್ಲ ಅವರನ್ನು ದಾಟಿ ದೂರ ದೂರ ಹೊಡೆಯುತ್ತಿದ್ದರು. ಅದಿತಿ ಆ ಅಂತರವನ್ನು ಪಟರ್ ಹಿಡಿದು ತುಂಬಿದರು. ಚೀಲ ಹೊತ್ತು, ಕೋಲು ಒರೆಸಿ ಕೊಡುತ್ತಿದ್ದವರು ತಾಯಿ ಮಹೇಶ್ವರಿ. 2016ರ ರಿಯೊದಲ್ಲಿ ಆ ಕೆಲಸ ಮಾಡಿದ್ದವರು ತಂದೆ. ಕೊನೆಯ ಸುತ್ತಿಗೆ ಗುಡುಗು ಮಳೆ ಅಡ್ಡ ಬಂದು ಆಟ ನಿಂತು ಮತ್ತೆ ಶುರುವಾಯಿತು. ಒಂದೇ ಒಂದು ಹೊಡೆತದ ಅಂತರದಲ್ಲಿ ಅದಿತಿ ನಾಲ್ಕನೆಯವರಾದರು.

ಎರಡು ವರ್ಷದ ಮೇಲೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರಿಗೆ ಬೆಳ್ಳಿ ಬಂತು. ಏಷ್ಯಾಡ್ ಗಾಲ್ಫಿನಲ್ಲಿ ಭಾರತದ ಹೆಣ್ಣುಮಗಳೊಬ್ಬಳಿಗೆ ಬಂದ ಮೊದಲ ಪದಕ ಅದು. ಆ ಕೂಟದ ಭಾರತದ ಮಹಿಳಾ ತಂಡದಲ್ಲಿದ್ದ ಇನ್ನಿಬ್ಬರೂ ನಮ್ಮ ರಾಜ್ಯದವರೇ: ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್. ದೂರ ಹೊಡೆಯುವ ಬಲ ಎಲ್ಲರಿಗೂ ಬರುವುದಿಲ್ಲ. ಗ್ರೀನಿನ ಮೇಲಿನ ನಿಧಾನ, ಚೆಂಡು ಎತ್ತಿ ಒರೆಸಿ ಸಾಲು ನೋಡಿ ಇಡುವ ತಾಳ್ಮೆ ಯಾರಿಗಾದರೂ ಬರಬಹುದು. ಹವ್ಯಾಸಿ ಕದಿಯಬೇಕಾದ ವಿದ್ಯೆ ಅದು.

ಚೀಲ ಹೊತ್ತವರು ಬಲ್ಲರು

ಕರ್ನಾಟಕಕ್ಕೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಚಿನ್ನದ ಗಣಿಯ ಕೆಜಿಎಫ್‌ನಲ್ಲಿ, ಕಾಫಿ ತೋಟಗಳ ಕೊಡಗಿನಲ್ಲಿ ಬ್ರಿಟಿಷರ ಹಿಂದೆಯೇ ಈ ಆಟ ಬಂತು. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದಿನ ದೊರೆಗಳು ಗಾಲ್ಫ್ ಆಡಲು ಏರುತ್ತಿದ್ದದ್ದು ಊಟಿಗೆ. ಆಡುವವರು ದೊಡ್ಡವರು, ಚೀಲ ಹೊರುವವರು ಸುತ್ತಲ ಹಳ್ಳಿಯ ಹುಡುಗರು. ಆಟದ ಈ ಅಸಮತೆ ಇಂದಿಗೂ ಪೂರ್ತಿ ಅಳಿದಿಲ್ಲ, ಅದನ್ನು ಮರೆಮಾಚಿ ಈ ಆಟದ ಬಗ್ಗೆ ಬರೆಯಲು ನನಗೆ ಮನಸ್ಸು ಬಾರದು.

ಆದರೆ ಆ ಚೀಲ ಹೊತ್ತವರಲ್ಲೇ ಕೆಲವರು ಆಟವನ್ನು ಗೆದ್ದರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಗಾಲ್ಫ್ ಮೈದಾನದಲ್ಲಿ ಚೆಂಡು ಹೆಕ್ಕುವ ಹುಡುಗನಾಗಿ ಬಂದ ಹಳ್ಳಿಯ ಎಸ್. ಚಿಕ್ಕರಂಗಪ್ಪ ಏಷ್ಯನ್ ಟೂರ್‌ ಆಡುವ ವೃತ್ತಿಪರರಾದರು.

ಇವರಿಗೆ ಸಿಕ್ಕ ಶಿಕ್ಷಣದ ಬಗ್ಗೆ ಯೋಚಿಸಿ. ಕ್ಯಾಡಿ ದಿನವೂ ಬೇರೆಯವರ ಕೋಲು ಒರೆಸುತ್ತಾನೆ. ಯಾವ ಹೊಡೆತಕ್ಕೆ ಯಾವ ಕೋಲಿಗೆ ಎಲ್ಲಿ ಮಣ್ಣು ಹತ್ತುತ್ತದೆ, ಯಾವ ಮಣ್ಣಿಗೆ ಚೆಂಡು ಎತ್ತ ತಿರುಗುತ್ತದೆ, ಯಾವ ಆಟಗಾರ ಯಾವಾಗ ತಾಳ್ಮೆ ಕಳೆದುಕೊಳ್ಳುತ್ತಾನೆ ಎಂಬುದೆಲ್ಲ ಅವನ ಕೈ ಮತ್ತು ಕಣ್ಣಿನ ಮೂಲಕ ಹಾಯುತ್ತದೆ. ಹವ್ಯಾಸಿ ಆ ಬಟ್ಟೆಯನ್ನು ಕ್ಯಾಡಿಗೆ ಒಪ್ಪಿಸಿದಾಗ ಈ ತಿಳಿವನ್ನೂ ಒಪ್ಪಿಸಿಬಿಡುತ್ತಾನೆ. ಕ್ಯಾಡಿಗೆ ಕೂಲಿ ಧಾರಾಳವಾಗಿ ಕೊಡಿ, ಆತನ ಸಲಹೆ ಕೇಳಿ. ವಾರದಲ್ಲಿ ಒಮ್ಮೆಯಾದರೂ ಕೋಲನ್ನು ನಿಮ್ಮ ಕೈಯಾರೆ ತೊಳೆಯಿರಿ.

> ಹದಿನೈದನೆಯ ಕೋಲು
>
> 2001ರ ಬ್ರಿಟಿಷ್ ಓಪನ್, ರಾಯಲ್ ಲಿಥಮ್ ಮೈದಾನ, ಕೊನೆಯ ದಿನ. ಇಯಾನ್ ವೂಸ್ನಮ್ ಮೊದಲ ಕುಳಿಯಲ್ಲಿ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಯ ಬದಿಗೆ ತಂದರು. ಮುನ್ನಡೆಯಲ್ಲಿ ಪಾಲು ಸಿಕ್ಕಿತು. ಎರಡನೆಯ ಕುಳಿಗೆ ಬಂದಾಗ ಕ್ಯಾಡಿ ಎಣಿಸಿ ನೋಡಿದರೆ ಚೀಲದಲ್ಲಿ 15 ಕೋಲು. ಅಭ್ಯಾಸಕ್ಕೆ ತಂದಿದ್ದ ಎರಡನೆಯ ಡ್ರೈವರ್ ಅಲ್ಲೇ ಉಳಿದಿತ್ತು. ದಂಡ ಎರಡು ಹೊಡೆತ. ಕಲಕಿದ ಮನಸ್ಸು ಹತೋಟಿಗೆ ಬರುವಷ್ಟರಲ್ಲಿ ಇನ್ನಷ್ಟು ಹೊಡೆತ ಹೋದವು. ಕೊನೆಗೆ ಮೂರನೆಯ ಸ್ಥಾನವನ್ನು ಹಲವರೊಂದಿಗೆ ಹಂಚಿಕೊಂಡರು.
>
> ಆಟಕ್ಕೆ ಇಳಿಯುವ ಮುನ್ನ ಒಂದೊಂದೇ ಕೋಲು ತೆಗೆದು ಒರೆಸಿ ಇಡುವವನಿಗೆ ಎಣಿಕೆ ತಪ್ಪುವುದಿಲ್ಲ.

ಹೊಸ ಕೋಲಿನ ಹುಚ್ಚು

ಆಟ ಕೈಕೊಟ್ಟಾಗ ಹವ್ಯಾಸಿಗೆ ಹೊಳೆಯುವ ಮೊದಲ ಪರಿಹಾರ ಅಂಗಡಿ. ಹೊಸ ಡ್ರೈವರ್, ಹೊಸ ವೆಜ್, ಇನ್ನೂ ದುಬಾರಿ ಚೆಂಡು. ಕೆಲವು ದಿನ ಆಟ ಸುಧಾರಿಸಿದಂತೆಯೂ ಕಾಣುತ್ತದೆ. ಅದರಲ್ಲಿ ಒಂದು ಪಾಲು, ಹೊಸ ಕೋಲಿನ ಗೆರೆ ಸ್ವಚ್ಛವಾಗಿರುವುದು ಮತ್ತು ಹಿಡಿ ಜಾರದೆ ಇರುವುದು. ಎರಡೂ ಹಳೆಯ ಕೋಲಿಗೆ ಬಚ್ಚಲುಮನೆಯಲ್ಲೇ ವಾಪಸು ತರಬಹುದಾದ ಗುಣಗಳು.

1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಪಂದ್ಯ ಗೆದ್ದ ಬಾಬಿ ಜೋನ್ಸ್ ಹವ್ಯಾಸಿಯಾಗಿಯೇ ಉಳಿದವರು. ಅವರ ‘ಕೆಲಾಮಿಟಿ ಜೇನ್’ ಎಂಬ ಪಟರಿನ ಮರದ ದಂಡ ಒಡೆದಿದ್ದ ಕಡೆ ದಾರ ಸುತ್ತಿ ಬಿಗಿದಿತ್ತು. ಅಂದು ಹಿಕರಿ ಮರದ ದಂಡಕ್ಕೆ ಎಣ್ಣೆ ಉಣಿಸಬೇಕಿತ್ತು, ಶೀತ ತಾಗದಂತೆ ಕಾಯಬೇಕಿತ್ತು, ಇಲ್ಲವಾದರೆ ಡೊಂಕಾಗುತ್ತಿತ್ತು. ಅಮೆರಿಕ 1924ರಲ್ಲಿ, ಬ್ರಿಟನ್ 1929ರಲ್ಲಿ ಉಕ್ಕಿನ ದಂಡಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಆ ಶ್ರಮ ತಪ್ಪಿತು. ಶ್ರಮದ ಜೊತೆಗೆ ಕೋಲಿನ ಮೇಲಿನ ಗಮನವೂ ತಪ್ಪಿಹೋಯಿತೆಂದು ನನ್ನ ಅನಿಸಿಕೆ.

ಅತಿಯೂ ಬೇಡ. ಗೆರೆಗಳನ್ನು ತಂತಿಬ್ರಷ್ಷಿನಿಂದ ಉಜ್ಜಿ ಉಜ್ಜಿ ಅಂಚು ಸವೆಸುವವರಿದ್ದಾರೆ. ಹರಿತ ಮಾಡಲು ಹೋಗಿ ಅಳತೆ ಮೀರಿದರೆ ಕೋಲು ನಿಯಮಬಾಹಿರವಾಗುತ್ತದೆ. ಮುಖಕ್ಕೆ ಎಣ್ಣೆ, ಮೇಣ ಏನನ್ನಾದರೂ ಹಚ್ಚಿ ಚೆಂಡಿನ ಓಟ ಬದಲಿಸುವುದೂ ನಿಯಮಕ್ಕೆ ವಿರುದ್ಧ. ಒರೆಸುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಎದುರಿಗಿರುವವರನ್ನು ಕಾಯಿಸಿ ಹತ್ತು ನಿಮಿಷ ತೀಡುವುದು ಆರೈಕೆಯಲ್ಲ, ಅಂಜಿಕೆ.

> ಮನೆಯಲ್ಲಿ ಕಾಲು ಗಂಟೆ
>
> ಬಕೆಟ್ಟಿನಲ್ಲಿ ಉಗುರುಬೆಚ್ಚನೆ ನೀರು, ಸ್ವಲ್ಪ ಸೋಪು. ಐರನ್‌ಗಳ ತಲೆ ಮಾತ್ರ ಮುಳುಗುವಷ್ಟು; ದಂಡ ಸೇರುವ ಕೊರಳಿಗೆ ನೀರು ಏರದಿರಲಿ. ಐದು ನಿಮಿಷ ನೆನೆಸಿ ನೈಲಾನ್ ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಡ್ರೈವರ್ ಮತ್ತು ಮರದ ತಲೆಯ ಹಳೆಯ ಕೋಲುಗಳನ್ನು ನೆನೆಸಬೇಡಿ, ಒದ್ದೆ ಬಟ್ಟೆ ಸಾಕು. ಹಿಡಿ ಕೊನೆಗೆ. ತಲೆಯ ಬುಡ ಸಡಿಲವಾಗಿದೆಯೇ, ದಂಡದಲ್ಲಿ ಸೀಳು ಇದೆಯೇ ನೋಡಿ. ಸೀಳು ಕಂಡ ಕೋಲನ್ನು ಬೀಸಬೇಡಿ. ಮುರಿದು ಹಾರಿದರೆ ಪಕ್ಕದವರಿಗೆ ಅಪಾಯ.

ಬೀಗ ಹಾಕಿದ ಕೊಠಡಿ

ಹನೂರಿನ ಓದುಗರು ಕೇಳಬಹುದು: ಮಹದೇಶ್ವರ ಬೆಟ್ಟದ ದಾರಿಯಲ್ಲಿ ಗಾಲ್ಫ್ ಎಲ್ಲಿದೆ, ನಮಗೇಕೆ ಈ ಕಥೆ?

ಗಾಲ್ಫ್ ಇಲ್ಲ, ನಿಜ. ವಾಲಿಬಾಲ್ ಇದೆ, ಟೆನಿಸ್ ಬಾಲ್ ಕ್ರಿಕೆಟ್ ಇದೆ, ಶಟಲ್ ಇದೆ, ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಏರುವ ಶಾಲಾ ಕ್ರೀಡಾಕೂಟಗಳಿವೆ, ದಸರಾ ಕ್ರೀಡಾಕೂಟವಿದೆ. ಮಳೆಯಲ್ಲಿ ನೆನೆದು ಹಾಗೇ ಮೂಲೆ ಸೇರಿದ ವಾಲಿಬಾಲಿನ ಹೊಲಿಗೆ ಬಿಡುತ್ತದೆ, ಆಕಾರ ಕೆಡುತ್ತದೆ; ಅಂಥ ಚೆಂಡಿನಲ್ಲಿ ಸರ್ವ್ ಕಲಿತ ಹುಡುಗಿ ಪಂದ್ಯದ ದಿನ ಗಟ್ಟಿ ಚೆಂಡು ಕೈಗೆ ಬಂದಾಗ ತಬ್ಬಿಬ್ಬಾಗುತ್ತಾಳೆ. ಲೆದರ್ ಬಾಲಿಗೆ ಬಳಸುವ ವಿಲ್ಲೊ ಬ್ಯಾಟಿಗೆ ಅಗಸೆ ಎಣ್ಣೆ ತೆಳುವಾಗಿ ಸವರಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಹದ ಮಾಡದಿದ್ದರೆ ಮುಖ ಬಿರಿಯುತ್ತದೆ. ಹರಿದ ಹಿಡಿಯ ಶಟಲ್ ರ್ಯಾಕೆಟ್ ಅಂಗೈಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಮಣ್ಣು ಮೆತ್ತಿದ ಎಸೆತದ ಗುಂಡು ಜಾರುತ್ತದೆ. ಗಾಲ್ಫಿನಲ್ಲಿ ನಡೆಯುವ ನಿಯಮವೇ ಇಲ್ಲೂ ನಡೆಯುತ್ತದೆ, ಬೆಲೆ ಮಾತ್ರ ಬೇರೆ.

ಅನೇಕ ಶಾಲೆಗಳಲ್ಲಿ ಕ್ರೀಡಾ ಸಾಮಗ್ರಿ ಇರುವುದು ಬೀಗ ಹಾಕಿದ ಕೊಠಡಿಯಲ್ಲಿ. ಮಕ್ಕಳು ಹಾಳು ಮಾಡುತ್ತಾರೆಂಬ ಭಯಕ್ಕೆ ಹಾಕಿದ ಬೀಗ ಅದು. ಪೀರಿಯಡ್ಡಿಗೆ ಚೆಂಡು ಹೊರಬರುತ್ತದೆ, ಗಂಟೆ ಹೊಡೆದಾಗ ಹೇಗಿದೆಯೋ ಹಾಗೇ ಒಳ ಹೋಗುತ್ತದೆ. ಆರೈಕೆ ಯಾರ ಕೆಲಸವೂ ಅಲ್ಲದ್ದರಿಂದ ಅದು ನಡೆಯುವುದೇ ಇಲ್ಲ. ಮಗು ಆಡಲು ಮಾತ್ರ ಕಲಿಯುತ್ತದೆ. ತಾನು ಆಡುವ ವಸ್ತುವನ್ನು ತಿರುಗಿಸಿ ನೋಡಲು, ಅದರ ಸೀಳನ್ನು ಗುರುತಿಸಲು, ಸೋತ ಪಂದ್ಯದ ಮೇಲೂ ಕೂತು ಒರೆಸಲು ಕಲಿಯುವುದಿಲ್ಲ. ಸೋತ ದಿನ ಒರೆಸುವ ಹತ್ತು ನಿಮಿಷದಲ್ಲಿ ಮಕ್ಕಳು ಆಟದ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಮಾತುಗಳು ಯಾವ ಭಾಷಣಕ್ಕಿಂತಲೂ ಹೆಚ್ಚು ಕಲಿಸುತ್ತವೆ.

ಮೂರೂ ತಾಲ್ಲೂಕಿನ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ಸಾಮಗ್ರಿಗೆ ಅರ್ಜಿ ಹಾಕಿ, ಅದು ಬೇಕೇ ಬೇಕು. ಜೊತೆಗೆ ಕ್ರೀಡಾ ಕೊಠಡಿಗೆ ಒಂದು ಬಕೆಟ್, ನಾಲ್ಕು ಬಟ್ಟೆ, ಒಂದು ಗಾಳಿ ಪಂಪು, ಗೋಡೆಗೆ ಸಾಲಾಗಿ ಗೂಟ ಒದಗಿಸಿ. ಏಳನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ವಾರದ ಪಾಳಿ ಹಾಕಿ, ಹುಡುಗ ಹುಡುಗಿ ಎನ್ನದೆ. ಆಟದ ಪೀರಿಯಡ್ಡಿನ ಕೊನೆಯ ಹತ್ತು ನಿಮಿಷ ಒರೆಸಲು, ಎಣಿಸಲು, ಎತ್ತಿಡಲು ಮೀಸಲಿಡಿ. ಬೀಗದ ಕೈ ಆ ವಾರದ ಪಾಳಿಯವರ ಬಳಿಯೇ ಇರಲಿ.